ಮಿಮೋಜಾ ಬೆನ್ನಿನ ಭಟ್ಟಿ

ಯುದ್ಧ ನಡೆಯುತ್ತಿದ್ದದ್ದು ಸಮುದ್ರದಾಚೆ. ಯಾರು ಯಾರಿಗೆ ಹೊಡೆಯುತ್ತಿದ್ದಾರೆ, ಯಾಕೆ ಹೊಡೆಯುತ್ತಿದ್ದಾರೆ ಎಂದು ನಮ್ಮ ತಬೊಕಾಲಿನಲ್ಲಿ ಸರಿಯಾಗಿ ಬಲ್ಲವರು ಇಬ್ಬರೇ. ಒಬ್ಬ ಕ್ಷೌರದ ಕ್ವಿರೀನೊ, ಇನ್ನೊಂದು ಅವನ ಅಂಗಡಿಯ ರೇಡಿಯೊ. ಅವರಿಬ್ಬರಲ್ಲೂ ಒಮ್ಮತವಿರಲಿಲ್ಲ. ಆದರೆ ಜರ್ಮನಿಯವರು ನೀರೊಳಗಿಂದ ಹೊಡೆದು ಬ್ರೆಜಿಲಿನ ಹಡಗುಗಳನ್ನು ಮುಳುಗಿಸತೊಡಗಿದ ಮೇಲೆ ಯುದ್ಧ ಎಂದರೆ ಏನು ಎನ್ನುವುದು ಇಡೀ ಊರಿಗೆ ಒಂದೇ ಬೆಳಗ್ಗೆ ಅರ್ಥವಾಯಿತು. ಲಿಬೋರಿಯೊನ ಕಾರು ನಿಂತುಹೋಯಿತು.

ಕಾರು ಅಂದರೆ ಊರಿಗೆ ಅದೊಂದೇ, ಬಾಡಿಗೆ ಕಾರು. ಕೆಳಗೆ ಹೊಳೆಯ ದಡದಲ್ಲಿ ರೈಲು ನಿಲ್ದಾಣ, ಮೇಲೆ ಗುಡ್ಡದ ನೆತ್ತಿಯಲ್ಲಿ ಚರ್ಚು ಮತ್ತು ಚೌಕ, ನಡುವೆ ಕಲ್ಲು ಹಾಸಿದ ಏರು. ಆ ಏರು ಎಂಥದ್ದೆಂದರೆ, ಕೆಳಗಿನಿಂದ ಹರೆಯದಲ್ಲಿ ಹೊರಟವರು ಮೇಲೆ ಮುಟ್ಟುವ ಹೊತ್ತಿಗೆ ತಲೆ ನೆರೆತಿರುತ್ತಿತ್ತು. ಲಿಬೋರಿಯೊನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಆ ಏರಿನಿಂದಲೇ. ರೈಲಿಳಿದವರನ್ನು ಕೂರಿಸಿಕೊಂಡು ಮೇಲೆ ಮುಟ್ಟಿಸುವುದು ಅವನ ಕೆಲಸ. ಕಾರಿಗೆ ಮಿಮೋಜಾ ಎಂದು ಹೆಸರಿಟ್ಟಿದ್ದ. ನಮ್ಮ ಕಡೆ ಅದು ಹಸುಗಳಿಗೆ ಇಡುವ ಹೆಸರು. ಅದು ಕೂಗುತ್ತಿದ್ದದ್ದೂ ಹಾಗೆಯೇ, ಕರು ಹಾಕುವಾಗಿನ ಹಸುವಿನ ಹಾಗೆ.

ರೇಡಿಯೊ ಹೇಳಿತು: ಇನ್ನು ಮೇಲೆ ಇಂಥ ಕಾರುಗಳಿಗೆ ತೊಟ್ಟು ಪೆಟ್ರೋಲೂ ಇಲ್ಲ. ಹೊರಗಿನ ಎಣ್ಣೆಯನ್ನು ನಂಬಿ ಕೂತರೆ ದೇಶ ಉಳಿಯುವುದಿಲ್ಲ. ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಕಾರು ಓಡಿಸಿ. ಪರೀಕ್ಷೆಗೆ ರಾಜಧಾನಿಯಿಂದ ಸಾಹೇಬರು ಬರುತ್ತಾರೆ. ನಿಲ್ಲದೆ ಏರು ಹತ್ತಿದ ಕಾರಿಗೆ ಹಿತ್ತಾಳೆಯ ಫಲಕ, ಹತ್ತದ ಕಾರಿನ ಟೈರು ಬಿಚ್ಚಿ ಸೈನ್ಯಕ್ಕೆ.

"ಟೈರು ಹೋದ್ಮೇಲೆ ಕಾರು ನನಗೆ ಕೊಟ್ಬಿಡಿ ಅಳಿಯಂದ್ರೆ," ಅಂದಳು ಲಿಬೋರಿಯೊನ ಅತ್ತೆ ದೋನಾ ಎಫಿಜೇನಿಯಾ. "ನನ್ನ ಕೋಳಿಗಳಿಗೆ ಆಗುತ್ತೆ. ಸೀಟು ಮೆತ್ತಗಿದೆ, ಮೊಟ್ಟೆ ಒಡೆಯಲ್ಲ."

"ಅತ್ತೆ, ನಾನು ಇದ್ದಿಲಲ್ಲಿ ಓಡಿಸ್ತೀನಿ!"

"ಇದ್ದಿಲಲ್ಲಿ ನೀವು ಜೋಳ ಸುಟ್ಟಿದ್ದನ್ನೇ ನಾನು ನೋಡಿಲ್ಲ."

ಊರಿನ ಮುಂದೆ ಹೇಳಿದ ಮಾತು ಅದು. ಗಂಡಸಿಗೆ ಅತ್ತೆಯ ಮಾತು ಚುಚ್ಚಿದಷ್ಟು ಈಟಿಯೂ ಚುಚ್ಚುವುದಿಲ್ಲ. ಲಿಬೋರಿಯೊ ಆ ಕ್ಷಣದಿಂದಲೇ ಕೆಲಸಕ್ಕೆ ನಿಂತ. ಎಲ್ಲೋ ಪತ್ರಿಕೆಯಲ್ಲಿ ಬಂದಿದ್ದ ಒಂದು ಚಿತ್ರವನ್ನು ನೋಡಿಕೊಂಡು, ಅದನ್ನು ತಲೆಕೆಳಗಾಗಿ ಹಿಡಿದಿದ್ದಾನೆ ಎಂದು ಕಮ್ಮಾರ ಹೇಳುವ ತನಕ ತಲೆಕೆಳಗಾಗಿಯೇ ನೋಡಿಕೊಂಡು, ಒಂದು ಯಂತ್ರ ಕಟ್ಟಿದ. ತಗಡಿನ ದೊಡ್ಡ ಪೀಪಾಯಿ ತಂದ. ಚರ್ಚಿನ ಮಾಡಿನಿಂದ ಮಳೆನೀರಿನ ಕೊಳವೆ ಕೇಳಿ ತಂದ, ಕೇಳಿದ್ದು ತಂದ ಮೇಲೆ. ಗ್ಯಾಸು ತಣ್ಣಗಾಗಲು ಒಂದು ಒಳ್ಳೆಯ ಲೋಹದ ಪಾತ್ರೆ ಬೇಕಾಯಿತು. ಅದಕ್ಕೆ ಅವನ ಕಣ್ಣು ಬಿದ್ದದ್ದು ಹೆಂಡತಿ ಜುಲ್ಮೀರಾಳ ತಾಮ್ರದ ಕೊಪ್ಪರಿಗೆಯ ಮೇಲೆ. ಅವಳಜ್ಜಿಯ ಕಾಲದಿಂದ ಸೀಬೆಹಣ್ಣಿನ ಹಲ್ವಾ ಕಾಸುತ್ತಿದ್ದ ಕೊಪ್ಪರಿಗೆ ಅದು.

"ರೀ, ಅದನ್ನ ಮುಟ್ಟಿದ್ರೆ ನಾನು ಅಮ್ಮನ ಮನೆಗೆ ಹೋಗ್ತೀನಿ," ಅಂದಳು ಜುಲ್ಮೀರಾ.

ಅಮ್ಮನ ಮನೆ ಪಕ್ಕದ್ದೇ. ಲಿಬೋರಿಯೊ ಮುಟ್ಟಿದ. ಅವಳು ಹೋದಳು. ಮಧ್ಯಾಹ್ನ ಊಟಕ್ಕೆ ಬಡಿಸಲು ಬಂದು, ಬಡಿಸಿ, ಮತ್ತೆ ಹೋದಳು.

ಯಂತ್ರ ಮುಗಿದು ಮಿಮೋಜಾಳ ಬೆನ್ನಿಗೆ ಏರಿತು. ನೋಡಿ, ಹೀಗಿತ್ತು ಅದು: ಅಡಿಯಲ್ಲಿ ಬೆಂಕಿ. ಬೆಂಕಿಯ ಮೇಲೆ ಪೀಪಾಯಿ. ಅದರ ನೆತ್ತಿಯಿಂದ ಬಳುಕಿ ಇಳಿದ ಕೊಳವೆ. ಕೊಳವೆಯ ತುದಿಗೆ ತಾಮ್ರದ ಕೊಪ್ಪರಿಗೆ. ಕೊಪ್ಪರಿಗೆಯ ತಳದಲ್ಲಿ ಸಣ್ಣ ತೂತು, ತೂತಿನಿಂದ ಹನಿ ಹನಿಯಾಗಿ ಏನೋ ತೊಟ್ಟಿಕ್ಕುತ್ತಿತ್ತು. ಕೆಳಗೆ ಹನಿ ಹಿಡಿಯಲು ಒಂದು ಡಬ್ಬ. ಬೇರೆ ದೇಶದಲ್ಲಾದರೆ ಜನ ಇದೇನು ಎಂದು ಕೇಳುತ್ತಿದ್ದರು. ಬೆಟ್ಟ ಕಂಡಲ್ಲೆಲ್ಲ ಕಬ್ಬು ಬೆಳೆಯುವ ಮೀನಾಸ್ ಸೀಮೆಯಲ್ಲಿ, ಕಬ್ಬಿನ ಹಾಲಿನಿಂದ ಪಿಂಗಾ ಸಾರಾಯಿ ಇಳಿಸಿಕೊಂಡೇ ಬಂದ ತಬೊಕಾಲಿನಲ್ಲಿ, ಬೆಂಕಿ, ಕೊಳವೆ, ತಾಮ್ರ, ಹನಿ ಇಷ್ಟನ್ನು ಒಟ್ಟಿಗೆ ಕಂಡ ಮೇಲೆ ಯಾರು ಏನನ್ನು ಕೇಳಬೇಕು? ತೊಟ್ಟಿಲಲ್ಲಿ ಮಲಗಿದ ಕೂಸೂ ಹೇಳುತ್ತಿತ್ತು ಅದು ಭಟ್ಟಿ ಎಂದು. ಇದ್ದಿಲ ಮಾತೆಲ್ಲ ಬರೀ ನೆಪ, ಕಾರು ಓಡುವುದು ಎಲ್ಲೋ ಬಚ್ಚಿಟ್ಟ ಪೆಟ್ರೋಲಿನಲ್ಲಿ ಎಂದು ಊರು ತಾನೇ ತೀರ್ಮಾನಿಸಿತು.

ಮೊದಲು ಕಂಡವನು ಕ್ವಿರೀನೊ. ಯಾರದೋ ಅರ್ಧ ಕೆನ್ನೆ ಬೋಳಿಸಿ, ಇನ್ನರ್ಧ ಸೋಪಿನಲ್ಲೇ ಬಿಟ್ಟು, ಕತ್ತಿ ಹಿಡಿದುಕೊಂಡೇ ಓಡಿಬಂದ. ಅದೇ ಹೊತ್ತಿಗೆ ಲಿಬೋರಿಯೊ ಮೊದಲ ಸವಾರಿ ಮುಗಿಸಿ ಕಾರಿನಿಂದ ಇಳಿದ. ಇದ್ದಿಲ ಹೊಗೆ ಅವನ ತಲೆಗೇರಿತ್ತು. ಕಣ್ಣು ಕೆಂಡ, ಕಾಲು ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ. ಎದುರಿಗೆ ನಿಂತಿದ್ದ ಹೇಸರಗತ್ತೆಯ ಕೊರಳು ತಬ್ಬಿ, "ನಮಸ್ಕಾರ ಅತ್ತೆ," ಅಂದ.

"ಲಿಬೋರಿಯಣ್ಣ," ಅಂದ ಕ್ವಿರೀನೊ, ಧ್ವನಿ ತಗ್ಗಿಸಿ, ಭಕ್ತಿಯಿಂದ. "ಹೇಗಿದೆ?"

"ಭಾರೀ ಜೋರು, ಕ್ವಿರೀನೊ! ಹಿಂದಿನಿಂದ ಒಂದೇ ಒಂದು ಸಲ ಬಂತು ನೋಡು, ತಲೆ ಗಿರ್ರ್ ಅಂತು. ನನ್ನಂಥವನಿಗೇ ಹೀಗಾದ್ರೆ!"

"ನೀನೇ ಮಾಡಿದ್ದಾ?"

"ನಾನೇ, ನನ್ನ ಕೈಯಾರೆ. ದೇಶಕ್ಕೋಸ್ಕರ!"

"ದೇಶಕ್ಕೋಸ್ಕರ," ಅಂದ ಕ್ವಿರೀನೊ. ಅವನ ಕಣ್ಣಲ್ಲಿ ನೀರು ನಿಂತಿತು. ಇಷ್ಟು ದೇಶಪ್ರೇಮ ತಬೊಕಾಲಿನಲ್ಲಿ ಹಿಂದೆಂದೂ ಹುಟ್ಟಿರಲಿಲ್ಲ.

ಸಂಜೆಯೊಳಗೆ ಊರಿಗೆ ಊರೇ ಲಿಬೋರಿಯೊನ ಅಂಗಳದಲ್ಲಿ. ಕೈಯಲ್ಲಿ ಲೋಟ, ಬೋಗುಣಿ, ಒಬ್ಬಳ ಕೈಯಲ್ಲಿ ಹಾಲಿನ ಕ್ಯಾನು. ಗೇಟಿನ ಬಳಿ ಒಬ್ಬರನ್ನೊಬ್ಬರು ಕಂಡು ಎಲ್ಲರೂ ಲೋಟ ಬೆನ್ನ ಹಿಂದೆ ಮುಚ್ಚಿಕೊಂಡು, "ಕಾರು ನೋಡೋಣ ಅಂತ ಬಂದ್ವಿ" ಅಂದರು.

"ನೋಡಿ, ನೋಡಿ," ಅಂದ ಲಿಬೋರಿಯೊ, ಎದೆ ಉಬ್ಬಿಸಿ.

"ಬೆಲೆ ಎಷ್ಟಣ್ಣ?"

"ಯಾವುದಕ್ಕೆ? ಏರಿಗೆ ಮೊದಲಿನಷ್ಟೇ."

"ಕೇಳಿಸ್ಕೊಂಡ್ರಾ? ಮೊದಲಿನಷ್ಟೇ ಅಂತೆ! ಯುದ್ಧದಲ್ಲೂ ಬೆಲೆ ಏರಿಸಿಲ್ಲ!" ಅಂತ ಜನ ಕೊಂಡಾಡಿದರು.

ಕ್ವಿರೀನೊ ಡಬ್ಬದ ಹನಿಯನ್ನು ಒಂದು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡ. ಅದು ಮಸಿ ಕಲೆಸಿದ ನೀರು, ಬೂದಿ ತೊಳೆದ ನೀರು. ಅವನ ಮುಖ ಹಿಂಡಿದ ಬಟ್ಟೆಯಾಯಿತು, ಕಿವಿ ಅಲುಗಾಡಿತು. ಇಡೀ ಊರು ಉಸಿರು ಹಿಡಿದು ನಿಂತಿತ್ತು.

"ಹೇಗಿದೆಯೋ?"

ಕ್ವಿರೀನೊ ಬಲ್ಲವನ ಹಾಗೆ ಕಣ್ಣು ಮುಚ್ಚಿದ. "ಎಳಸು. ಮರದ ಪೀಪಾಯಿಯಲ್ಲಿ ಸ್ವಲ್ಪ ದಿನ ಕೂರ್ಬೇಕು. ಆದ್ರೆ ಒಂದು ಮಾತು ಹೇಳ್ತೀನಿ, ಇಂಥದ್ದನ್ನ ನಾನು ಹುಟ್ಟಿದಾಗಿಂದ ಕುಡಿದಿಲ್ಲ."

ಎರಡನೆಯ ಮಾತು ನಿಜವೇ.

ಆವತ್ತಿನಿಂದ ಲಿಬೋರಿಯೊ ಊರಿನ ಕಣ್ಮಣಿಯಾದ. ದಾರಿಯಲ್ಲಿ ಟೋಪಿ ತೆಗೆಯದವರಿಲ್ಲ. ಹತ್ತಲು ಕಾಲು ಗಟ್ಟಿಯಿದ್ದವರೂ ಬಾಡಿಗೆ ಕೊಟ್ಟು ಕಾರು ಹತ್ತಿದರು. ಹತ್ತಿದವರೆಲ್ಲ ಮುಂದಿನ ಸೀಟು ಬಿಟ್ಟು ಹಿಂದೆ, ಕೊಳವೆಯ ಪಕ್ಕ, ಮೂಗು ತಾಗುವಷ್ಟು ಹತ್ತಿರ ಕೂತರು. ಮೇಲೆ ಮುಟ್ಟುವ ಹೊತ್ತಿಗೆ ಎಲ್ಲರಿಗೂ ತಲೆ ಸುತ್ತುತ್ತಿತ್ತು, ಇಳಿದು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ಹಾಡುತ್ತಿದ್ದರು. "ಬರೀ ವಾಸನೆಗೇ ಹೀಗೆ!" ಅನ್ನುವುದು ಊರಿನ ಮಾತಾಯಿತು.

ಪಾದ್ರಿ ಬೆಲಾರ್ಮೀನೊ ಕೂಡ ಬಂದರು. ಗಂಭೀರವಾಗಿ ಕಾರಿಗೆ ಒಂದು ಸುತ್ತು ಹಾಕಿದರು. ಕೊಳವೆ ತಮ್ಮ ಚರ್ಚಿನದು ಎಂದು ಗುರುತಿಸಿದರು. ಕೆಮ್ಮಿದರು.

"ಲಿಬೋರಿಯೊ, ಇದು ದೇಶಸೇವೆಗೆ ಮಾತ್ರ ತಾನೇ?"

"ದೇವರಾಣೆ, ಗುರುಗಳೇ. ಪರದೇಶದ ಒಂದು ತೊಟ್ಟೂ ಇದರಲ್ಲಿಲ್ಲ. ಎಲ್ಲ ನಮ್ಮ ಮಣ್ಣಿಂದೇ."

"ಒಳ್ಳೇದು, ಒಳ್ಳೇದು. ನನಗೆ ಈ ಚಳಿಗೆ ಕೆಮ್ಮು ಜಾಸ್ತಿ ಕಣಪ್ಪ." ಪಾದ್ರಿಗಳು ನಿಲುವಂಗಿಯ ತೋಳಿನಿಂದ ಒಂದು ಪುಟ್ಟ ಬಾಟ್ಲಿ ತೆಗೆದರು.

"ಅಯ್ಯೋ, ಇದನ್ನ ಕುಡೀಬೇಡಿ ಗುರುಗಳೇ! ಬರೀ ಕೊಳಕು ನೀರು!"

ಪಾದ್ರಿಗಳು ಬಾಟ್ಲಿ ಒಳಗಿಟ್ಟುಕೊಂಡು ಹೊರಟರು. ಜಿಪುಣತನ ಏಳು ದೊಡ್ಡ ಪಾಪಗಳಲ್ಲಿ ಒಂದು ಎಂದು ದಾರಿಯುದ್ದಕ್ಕೂ ಕೇಳುವಂತೆ ಹೇಳಿಕೊಂಡರು.

ಅತ್ತೆ ದೋನಾ ಎಫಿಜೇನಿಯಾ ಬಂದದ್ದು ಕೊನೆಗೆ. ಅವಳು ಜಪಮಾಲೆ ಸಂಘದ ಅಧ್ಯಕ್ಷೆ. ಅವಳು ಬರುವ ಬೀದಿಯಲ್ಲಿ ಗಂಡಸರು ಉಸಿರು ಹೊರಬಿಡುತ್ತಿರಲಿಲ್ಲ. ಮೊಣಕಾಲು ನೋವಿನವಳು, ಕೋಲೂರಿಕೊಂಡು ಬಂದು ಯಂತ್ರವನ್ನು ಮೇಲಿಂದ ಕೆಳಗೆ ನೋಡಿದಳು. ಜನ ಸಿಡಿಲಿಗೆ ಕಾದರು.

"ಈ ಕೊಳವೆ ಇಷ್ಟು ಅಗಲ ಯಾಕೆ?" ಅಂದಳು.

"ಗ್ಯಾಸು ಹೋಗೋಕೆ ಅತ್ತೆ."

"ಇಷ್ಟು ಅಗಲ ಇದ್ರೆ ಏನಿಳಿಯುತ್ತೆ, ಮಣ್ಣು! ತಣ್ಣೀರು ಸುತ್ತ ಹರೀಬೇಕು, ಇಲ್ಲಿ ನೀರೆಲ್ಲಿ? ಬೆಂಕಿ ಇಷ್ಟು ಜೋರಿದ್ರೆ ಸೀದು ಹೋಗಲ್ವಾ?" ಅಷ್ಟು ಹೇಳಿ, ಸುತ್ತ ನಿಂತವರ ಮುಖ ನೋಡಿ, ಶಿಲುಬೆ ಗುರುತು ಹಾಕಿಕೊಂಡಳು. "ಅಂತ ಯಾರೋ ಹೇಳಿದ್ದು ಕೇಳಿದ್ದೆ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ದೋನಾ ಎಫಿಜೇನಿಯಾಳ ಬಗ್ಗೆ ಏನನ್ನಾದರೂ ಯೋಚಿಸುವ ಧೈರ್ಯ ಯಾರಿಗಿತ್ತು?

ಹೀಗಿರುವಾಗ ಶನಿವಾರ ಲಿಬೋರಿಯೊ ಕ್ವಿರೀನೊನ ಅಂಗಡಿಗೆ ತಂತಿ ಹಿಡಿದು ನುಗ್ಗಿದ. ಕುಣಿಯುತ್ತಿದ್ದ. "ಬರ್ತಿದ್ದಾರೆ! ನಾಳೆ ಮಧ್ಯಾಹ್ನದ ರೈಲಿಗೆ! ರಾಜಧಾನಿಯಿಂದ ಸಾಹೇಬ್ರು! ನನ್ನ ಯಂತ್ರ ನೋಡೋಕೇ ಬರ್ತಿದ್ದಾರೆ!"

ಅಂಗಡಿಯಲ್ಲಿ ಕತ್ತರಿಯ ಸದ್ದು ನಿಂತಿತು. ರೇಡಿಯೊ ಕೂಡ ಗೊರಗೊರ ಎಂದು ನಿಂತಿತು.

"ಸರ್ಕಾರದ ಸಾಹೇಬ್ರಾ?" ಅಂದ ಕ್ವಿರೀನೊ.

"ಸರ್ಕಾರದವರೇ! ನಾನೇ ಕರೆಸಿದ್ದು!"

"ನೀನೇ? ನೀನಾಗಿಯೇ? ಬುದ್ಧಿ ನೆಟ್ಟಗಿದ್ದೂ?"

"ತಂತಿ ಮೇಲೆ ತಂತಿ ಹೊಡೆದೆ ಕಣೋ. ಬಂದು ನೋಡಿ, ಪೀಪಾಯಿ ಇದೆ, ಕೊಪ್ಪರಿಗೆ ಇದೆ, ಕೊಳವೆ ಇದೆ ಅಂತ ಎಲ್ಲ ಬರೆದೆ. ಏನೂ ಮುಚ್ಚಿಡಲಿಲ್ಲ!" ಲಿಬೋರಿಯೊ ಹೋಗಿ ಮಿಮೋಜಾಳಿಗೆ ಸ್ನಾನ ಮಾಡಿಸತೊಡಗಿದ.

ಅಂಗಡಿಯಲ್ಲಿ ಉಳಿದವರು ಒಬ್ಬರನ್ನೊಬ್ಬರು ನೋಡಿದರು. ಸಾರಾಯಿ ಸುಂಕದವರು ಅಂದರೆ ನಮ್ಮೂರಿಗೆ ಸಿಡುಬಿಗಿಂತ ಭಯ. ಸಿಡುಬಾದರೆ ಮನೆ ಬಿಟ್ಟು ಮನೆಗೆ ಹೋಗುತ್ತದೆ, ಅವರು ಒಂದು ಮನೆಯನ್ನೂ ಬಿಡುವುದಿಲ್ಲ.

"ಪಾಪ, ಕುಡಿದು ಕುಡಿದು ತಲೆ ಕೆಟ್ಟಿದೆ," ಅಂದ ಒಬ್ಬ.

"ಜೈಲಿಗೆ ಹೋಗ್ತಾನೆ. ಜುಲ್ಮೀರಾ ಗತಿ ಏನು?" ಅಂದ ಇನ್ನೊಬ್ಬ.

ಕ್ವಿರೀನೊ ಎದೆ ಮೇಲೆ ಬಾಚಣಿಗೆ ಇಟ್ಟುಕೊಂಡ. "ನಾವು ಬದುಕಿರೋ ತನಕ ಲಿಬೋರಿಯೊನ ಕೂದಲೂ ಕೊಂಕಬಾರ್ದು. ಭಟ್ಟಿ ಇದ್ರೆ ತಾನೇ ಸಾಕ್ಷಿ?"

ಭಾನುವಾರ ಬೆಳಗ್ಗೆ ಲಿಬೋರಿಯೊ ಕಾರನ್ನು ತೊಳೆದು, ಒರೆಸಿ, ಇದ್ದಿಲು ತುಂಬಿ, ನಿಲ್ದಾಣದ ಮುಂದೆ ಸಿದ್ಧವಾಗಿ ನಿಲ್ಲಿಸಿ, ಏರು ಹತ್ತಿ ಪೂಜೆಗೆ ಹೋದ. ಟೈರು ಉಳಿಯಲಿ, ಅತ್ತೆಯ ಕೋಳಿಗಳು ಮರದ ಮೇಲೇ ಮಲಗಲಿ ಎಂದು ಮೊದಲ ಸಾಲಿನಲ್ಲಿ ಮಂಡಿಯೂರಿ ಬೇಡಿಕೊಂಡ. ಅವನ ಬೆನ್ನ ಹಿಂದೆ ಗಂಡಸರು ಒಬ್ಬೊಬ್ಬರಾಗಿ ಎದ್ದು, ಬಾಗಿಲಲ್ಲಿ ಶಿಲುಬೆ ಗುರುತು ಹಾಕಿಕೊಂಡು, ಮೆಟ್ಟಿಲಿಳಿದ ಕೂಡಲೇ ಗೂಳಿ ಅಟ್ಟಿಸಿಕೊಂಡು ಬಂದವರ ಹಾಗೆ ಇಳಿಜಾರಿನಲ್ಲಿ ಓಡಿದರು. ಪಾದ್ರಿಗಳಿಗೆ ವಿಷಯ ಗೊತ್ತಿತ್ತು. ಅವರು ಉಪದೇಶವನ್ನು ಆದಮನಿಂದ ಶುರುಮಾಡಿದರು. ನೋಹನ ಹತ್ತಿರ ಬಂದಾಗ ಹಡಗಿನೊಳಗೆ ಹೋದ ಒಂದೊಂದು ಪ್ರಾಣಿಯನ್ನೂ ಹೆಸರು ಹಿಡಿದು ಕರೆದರು. ಪುರಾಣದಲ್ಲಿಲ್ಲದ ಪ್ರಾಣಿಗಳೂ ಹೋದವು. ಮುದುಕಿಯರು ನಿದ್ದೆ ಹೋದರು, ಎದ್ದರು, ಮತ್ತೆ ಹೋದರು. ಹಿಂದಿನ ಬಾಗಿಲಲ್ಲಿ ಕ್ವಿರೀನೊ ಒದ್ದೆ ಪ್ಯಾಂಟಿನಲ್ಲಿ ಕಾಣಿಸಿಕೊಂಡು ತಲೆಯಾಡಿಸಿದ ಮೇಲೆಯೇ ನೋಹನ ಹಡಗು ಬಾಗಿಲು ಹಾಕಿಕೊಂಡಿತು.

ಲಿಬೋರಿಯೊ ಕೆಳಗೆ ಓಡಿಬಂದಾಗ ಮಿಮೋಜಾಳ ಕೊರಳಲ್ಲಿ ಕಾಡುಹೂವಿನ ಹಾರವಿತ್ತು. ಬೆನ್ನು ಬೋಳಾಗಿತ್ತು. ಪೀಪಾಯಿ ಇಲ್ಲ, ಕೊಳವೆ ಇಲ್ಲ, ಕೊಪ್ಪರಿಗೆ ಇಲ್ಲ, ಹನಿ ಹಿಡಿಯುವ ಡಬ್ಬವೂ ಇಲ್ಲ.

ಅವನು ಬಾಯಿ ತೆರೆದು ಕಿರುಚಿದ. ಆ ಕಿರುಚಾಟ ಯಾರಿಗೂ ಕೇಳಿಸಲಿಲ್ಲ. ಅದೇ ಕ್ಷಣಕ್ಕೆ ರೈಲು ಸಿಳ್ಳೆ ಹಾಕಿತು.

ಇಳಿದ ಸಾಹೇಬರು ಡಾಕ್ಟರ್ ಹೊನೊರಾತೊ, ಬಿಳಿ ಸೂಟು, ಬಗಲಲ್ಲಿ ಚರ್ಮದ ಚೀಲ. ಚೀಲದಿಂದ ಹಿತ್ತಾಳೆಯ ಫಲಕದ ಒಂದು ಮೂಲೆ ಫಳಫಳ ಹೊಳೆಯುತ್ತಿತ್ತು, ಇನ್ನೊಂದು ಕಡೆಯಿಂದ ಟೈರು ಬಿಚ್ಚುವ ಕಬ್ಬಿಣದ ಸಲಾಕೆ. ಇಡೀ ತಬೊಕಾಲು ಪ್ಲಾಟ್‌ಫಾರ್ಮಿನಲ್ಲಿ ಸಾಲಾಗಿ, ಮೊದಲ ಪ್ರಸಾದಕ್ಕೆ ನಿಂತ ಮಕ್ಕಳಷ್ಟು ಮುಗ್ಧವಾಗಿ ನಿಂತಿತ್ತು.

"ಎಲ್ಲಿ ಯಂತ್ರ?" ಅಂದರು ಸಾಹೇಬರು.

"ಯಂತ್ರಾನಾ?" ಅಂದ ಕ್ವಿರೀನೊ. "ಯಾವ ಯಂತ್ರ ಸಾಹೇಬ್ರೆ? ನಮ್ಮೂರಲ್ಲಿ ಯಂತ್ರ ಅಂದ್ರೆ ಹೊಲಿಗೆ ಯಂತ್ರ ಒಂದೇ."

"ಇತ್ತು!" ಅಂತ ಲಿಬೋರಿಯೊ ಎದೆ ಬಡಿದುಕೊಂಡ. "ಬೆಳಗ್ಗೆ ಇತ್ತು ಸಾಹೇಬ್ರೆ! ಪೀಪಾಯಿ, ಕೊಳವೆ, ಕೊಪ್ಪರಿಗೆ! ಎಲ್ಲರೂ ನೋಡಿದ್ದಾರೆ, ಕೇಳಿ!"

"ಇಲ್ಲ ಸಾಹೇಬ್ರೆ. ಪೀಪಾಯಿ ಅಂದ್ರೆ ಏನು ಅಂತಾನೂ ಗೊತ್ತಿಲ್ಲ," ಅಂದಿತು ಊರು, ಒಂದೇ ಕಂಠದಲ್ಲಿ.

"ಇವನಿಗೆ ಬಿಸಿಲು ಬಡಿದಿದೆ," ಅಂದರು ಪಾದ್ರಿಗಳು. "ಚಿಕ್ಕಂದಿನಿಂದಲೂ ಬಡೀತಾನೇ ಇರುತ್ತೆ."

"ಜುಲ್ಮೀರಾ! ನೀನಾದ್ರೂ ಹೇಳೇ! ನಿನ್ನ ಕೊಪ್ಪರಿಗೆ!"

ಜುಲ್ಮೀರಾ ತಲೆವಸ್ತ್ರದ ತುದಿ ಬಾಯಿಗೆ ಒತ್ತಿಕೊಂಡು ಅತ್ತಳು. "ನನ್ನ ಗಂಡ ಒಳ್ಳೆಯವರು ಸಾಹೇಬ್ರೆ. ಅವರು ಹೇಳಿದ ಒಂದು ಮಾತನ್ನೂ ನಂಬ್ಬೇಡಿ."

ಸಾಹೇಬರ ಬಿಳಿ ಮುಖ ಕೆಂಪು ಸೀಬೆಹಣ್ಣಿನ ಒಳಗಿನ ಬಣ್ಣಕ್ಕೆ ತಿರುಗಿತು. "ದೇಶ ಎಣ್ಣೆಗೆ ಬಾಯಿ ಬಿಡ್ತಾ ಇದೆ! ಸಮುದ್ರದಲ್ಲಿ ನಾವಿಕರು ಸಾಯ್ತಾ ಇದ್ದಾರೆ! ಒಂದು ತೊಟ್ಟು ಪೆಟ್ರೋಲು ಉಳಿಸೋ ಯಂತ್ರ ಇದೆ ಅಂತ ನಾನು ರಾತ್ರಿಯೆಲ್ಲ ರೈಲಲ್ಲಿ ಕೂತು ಬಂದ್ರೆ, ಇಲ್ಲಿ ಹೂವಿನ ಹಾರ! ಬಿಚ್ಚಿ ಟೈರು!"

ಲಿಬೋರಿಯೊ ಮುಂದಿನ ಚಕ್ರವನ್ನು ಎರಡು ಕೈಯಲ್ಲಿ ತಬ್ಬಿ ನೆಲದ ಮೇಲೆ ಕೂತುಬಿಟ್ಟ. ಆವತ್ತು ಅವನು ಅತ್ತದ್ದು ನಾಟಕದ ಅಳುವಲ್ಲ. ಗಂಡಸರು ಅತ್ತರೆ ನಗು ಬರುವ ಹೆಂಗಸರಿಗೂ ಆವತ್ತು ನಗು ಬರಲಿಲ್ಲ.

ಕ್ವಿರೀನೊ ತಲೆ ಕೆರೆದುಕೊಂಡು ಮುಂದೆ ಬಂದ. "ಸಾಹೇಬ್ರೆ, ಒಂದು ಮಾತು. ತಾವು ಸಾರಾಯಿ ಸುಂಕದವರಲ್ವಾ?"

"ಯಾವ ಸಾರಾಯಿ? ನನಗೂ ಸಾರಾಯಿಗೂ ಏನಯ್ಯಾ ಸಂಬಂಧ? ನಾನು ಇದ್ದಿಲ ಇಲಾಖೆ! ಆ ಯಂತ್ರ ಇದ್ದು ಕಾರು ಏರು ಹತ್ತಿದ್ರೆ ಈ ಫಲಕ ನಾನೇ ಕೈಯಾರೆ ಹೊಡೀತಿದ್ದೆ!"

ಪ್ಲಾಟ್‌ಫಾರ್ಮಿನಲ್ಲಿ ಎಲ್ಲರೂ ಕ್ವಿರೀನೊನ ಕಡೆ ತಿರುಗಿದರು.

"ಲಿಬೋರಿಯಣ್ಣ," ಅಂದ ಕ್ವಿರೀನೊ, ತುಂಬ ಸಣ್ಣ ದನಿಯಲ್ಲಿ. "ಆ ಯಂತ್ರ… ಕಾರು ಓಡಿಸೋಕೇನಾ?"

"ಇನ್ಯಾತಕ್ಕೋ, ಮುಠ್ಠಾಳ! ಎಲ್ಲಿಟ್ಟಿದ್ದೀಯೋ?"

"ಹೊಳೇಲಿ."

ಸಾಹೇಬರು ಸಲಾಕೆ ತೆಗೆದು ಮೊದಲ ಚಕ್ರಕ್ಕೆ ಬಾಗಿದರು. ಆಗಲೇ ಜನರ ನಡುವೆ ದಾರಿಯಾಯಿತು. ದೋನಾ ಎಫಿಜೇನಿಯಾ ಬಂದಳು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಬೆತ್ತದ ಹೆಣಿಗೆಯ ದೊಡ್ಡ ಬುರುಡೆ ಬಾಟ್ಲಿ.

"ಅಳಿಯಂದ್ರೆ, ಅಳೋದು ನಿಲ್ಸಿ. ಎಣ್ಣೆ ಹಾಕೋ ಬಾಯಿ ಎಲ್ಲಿದೆ ತೋರ್ಸಿ."

"ಅತ್ತೆ, ಏನಿದು?"

"ಮೊಣಕಾಲಿಗೆ ಹಚ್ಚೋದು. ಭಟ್ಟಿಯಿಂದ ಮೊದಲು ಇಳಿಯೋ ಹನಿ. ಕುಡಿದ್ರೆ ಕಣ್ಣು ಹೋಗುತ್ತೆ, ಕಡ್ಡಿ ಗೀರಿದ್ರೆ ಮನೆ ಹೋಗುತ್ತೆ." ಮುಚ್ಚಳ ಕಿತ್ತಳು. ವಾಸನೆಗೆ ನಿಲ್ದಾಣದ ಹೇಸರಗತ್ತೆಗಳು ಮಂಡಿಯೂರಿದವು. "ಒಂದು ಮೊಣಕಾಲಿಗೆ ಇಷ್ಟು ಬೇಕಾ ಅಂತ ಯಾರಾದ್ರೂ ಕೇಳಿದ್ರೆ ನಾಲಿಗೆ ಕೀಳ್ತೀನಿ."

ಯಾರೂ ಕೇಳಲಿಲ್ಲ. ಜಪಮಾಲೆ ಸಂಘದ ಹೆಂಗಸರು ಆಕಾಶ ನೋಡಿದರು.

ಗಟಗಟ ಮಿಮೋಜಾಳ ಹೊಟ್ಟೆಗೆ ಹೋಯಿತು. ಸಾಹೇಬರು ಮುಂದೆ, ಅತ್ತೆ ಹಿಂದೆ. ಲಿಬೋರಿಯೊ ಹಿಡಿಕೆ ತಿರುಗಿಸಿದ. ಮಿಮೋಜಾ ಒಂದು ಸಲ ಸೀನಿದಳು, ಒಂದು ಸಲ ತೇಗಿದಳು, ಆಮೇಲೆ ಹುಟ್ಟಿದಾಗಿನಿಂದ ಹಾಕದಿದ್ದ ಒಂದು ಕೂಗು ಹಾಕಿ ಹಾರಿದಳು. ನಡೆದಳು ಎಂದರೆ ಸುಳ್ಳು, ಹಾರಿದಳು. ಕಲ್ಲಿನಿಂದ ಕಲ್ಲಿಗೆ ಮೇಕೆಯ ಹಾಗೆ ನೆಗೆದಳು. ಹಿಂದಿನ ಹೊಗೆಕೊಳವೆಯಿಂದ ನೀಲಿ ಬೆಂಕಿ ನಾಯಿಯ ಬಾಲದ ಹಾಗೆ ಅಲ್ಲಾಡುತ್ತಿತ್ತು. ಬೇಲಿಯ ಮೇಲಿನ ಬಟ್ಟೆಗಳು ಜೊತೆಯಲ್ಲೇ ಹೊರಟವು, ಊರಿಗೆ ಊರೇ ಹಿಂದೆ ಓಡಿತು.

ಅರ್ಧ ಏರಿನಲ್ಲಿ ಮಿಮೋಜಾ ತೊದಲಿದಳು.

"ಮುಗೀತಾ ಬಂತು!" ಅಂತ ಲಿಬೋರಿಯೊ ಕೂಗಿದ. "ನಿಂತ್ರೆ ಟೈರು ಹೋಯ್ತು!"

"ಯಾರ ಮನೇಲಿ ಮೊಣಕಾಲು ನೋವಿದೆಯೋ ತನ್ನಿ!" ಅಂತ ಅತ್ತೆ ಕಿಟಕಿಯಿಂದ ಕೋಲು ಬೀಸಿದಳು.

ಏರಿನ ಎರಡೂ ಬದಿಯ ಬಾಗಿಲುಗಳು ಧಡಧಡ ತೆರೆದವು. ಮಂಚದ ಕೆಳಗಿನಿಂದ, ಹಿಟ್ಟಿನ ಡಬ್ಬದಿಂದ, ತೊಟ್ಟಿಲಿನಿಂದ, ಸತ್ತ ಅಜ್ಜನ ಬೂಟಿನಿಂದ ಬಾಟ್ಲಿಗಳು ಹೊರಬಿದ್ದವು. ಓಡುವ ಕಾರಿನ ಜೊತೆ ಓಡುತ್ತಾ ಒಬ್ಬರು ಹೊಯ್ದು ಮುಗಿಸುವಷ್ಟರಲ್ಲಿ ಇನ್ನೊಬ್ಬರು ಹೊಯ್ದರು. ಪಾದ್ರಿಗಳು ನಿಲುವಂಗಿ ಎತ್ತಿಕಟ್ಟಿ, ತೋಳಿನಿಂದ ಕೆಮ್ಮಿನ ಬಾಟ್ಲಿ ತೆಗೆದು, ದೇವರ ಹೆಸರು ಹೇಳಿ ಹೊಯ್ದರು. ಆವತ್ತು ಗೊತ್ತಾಯಿತು, ನಮ್ಮ ಊರಿನಲ್ಲಿ ಮೊಣಕಾಲು ನೆಟ್ಟಗಿರುವ ಮನೆ ಒಂದೂ ಇಲ್ಲ.

ಮಿಮೋಜಾ ಚೌಕ ಮುಟ್ಟಿ, ಚರ್ಚಿಗೆ ಒಂದು ಸುತ್ತು ಹಾಕಿ, ನಿಂತಳು. ಗಂಟೆಗಳು ತಾವಾಗಿಯೇ ಹೊಡೆದವು ಎನ್ನುತ್ತಾರೆ. ನಾನು ಗಂಟೆ ಹೊಡೆಯುವವನನ್ನು ಕಂಡಿದ್ದೇನೆ, ಆದರೂ ತಾವಾಗಿಯೇ ಹೊಡೆದವು.

ಸಾಹೇಬರು ಇಳಿದರು. ದಾರಿಯುದ್ದಕ್ಕೂ ಆ ವಾಸನೆ ಕುಡಿದು ಅವರ ಟೈ ಬೆನ್ನ ಹಿಂದೆ ಹೋಗಿತ್ತು. ಕಣ್ಣಲ್ಲಿ ಆನಂದದ ನೀರು. "ಒಂದು ತೊಟ್ಟು ಪರದೇಶದ ಎಣ್ಣೆ ಇಲ್ಲ! ಇದ್ದಿಲು ಬೇಡ, ಯಂತ್ರ ಬೇಡ! ಮನೆ ಮನೆಯಲ್ಲೂ ಇಂಧನ! ಯುದ್ಧ ಗೆದ್ದ ಹಾಗೇ! ಆದ್ರೆ ನನ್ನ ಹತ್ರ ಇರೋದು ಇದ್ದಿಲಿನ ಫಲಕ. ಇದಕ್ಕೆ ಬೇರೆ ಫಲಕ ಮಾಡಿಸ್ಬೇಕು. ನಾಳೆಯೇ ವರದಿ ಕಳಿಸ್ತೀನಿ. ವಾರವಾರ ಸೈನ್ಯದ ಲಾರಿಗಳು ಬಂದು ನಿಮ್ಮೂರಿನ ಅಷ್ಟೂ ಸಾರಾಯಿ ತುಂಬ್ಕೊಂಡು ಹೋಗ್ತವೆ!"

ಹರ್ಷೋದ್ಗಾರಕ್ಕೆ ಎತ್ತಿದ್ದ ಟೋಪಿಗಳು ಗಾಳಿಯಲ್ಲೇ ನಿಂತವು.

"ಅಷ್ಟೂ?" ಅಂದರು ಪಾದ್ರಿಗಳು.

"ಒಂದು ಹನಿ ಬಿಡದ ಹಾಗೆ!"

ಕ್ವಿರೀನೊ ಸಾಹೇಬರ ಕಾಲಿಗೆ ಬಿದ್ದ. "ಸಾಹೇಬ್ರೆ, ಯಂತ್ರ ಇದೆ! ಪೀಪಾಯಿ, ಕೊಳವೆ, ಕೊಪ್ಪರಿಗೆ! ನಾನು ಕಣ್ಣಾರೆ ಕಂಡಿದ್ದೀನಿ!"

"ಈಗ ತಾನೇ ಇಲ್ಲ ಅಂದ್ರಲ್ಲಾ?"

"ಸುಳ್ಳು ಹೇಳಿದ್ವಿ ಸಾಹೇಬ್ರೆ!" ಅಂದಿತು ಊರು. "ನಾವು ಮಹಾ ಸುಳ್ಳರು, ಯಾರನ್ನಾದ್ರೂ ಕೇಳಿ!"

"ನಾನೂ ಹೇಳಿದೆ," ಅಂದರು ಪಾದ್ರಿಗಳು. "ಪೂಜೆಯ ಬಟ್ಟೆಯಲ್ಲೇ."

"ಅದೂ ಎಂಥ ಯಂತ್ರ ಅಂತೀರಿ," ಅಂದಳು ದೋನಾ ಎಫಿಜೇನಿಯಾ, ಕಾರಿನ ಕಿಟಕಿಯಿಂದಲೇ. "ನಮ್ಮ ಅಳಿಯ ಕಟ್ಟಿದ್ದು. ಇಂಥ ಅಳಿಯ ಸೀಮೇಲಿಲ್ಲ." ಲಿಬೋರಿಯೊ ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ.

"ಇದ್ದಿಲ ಯಂತ್ರ ಓಡೋದಾದ್ರೆ ಸರಿ, ಅದನ್ನೇ ಬರೀತೀನಿ, ಲಾರಿ ಬೇಡ," ಅಂದರು ಸಾಹೇಬರು. "ಆದ್ರೆ ರೈಲು ಹೊರಡೋದ್ರೊಳಗೆ ತೋರಿಸ್ಬೇಕು."

ಗಂಡಸರು ಇಳಿಜಾರಿನಲ್ಲಿ ಉರುಳಿದರು. ಪ್ಯಾಂಟು, ಟೋಪಿ, ಕನ್ನಡಕ ಸಮೇತ ಹೊಳೆಗೆ ಹಾರಿದರು. ಸಾಹೇಬರಿಗೆ ಒಂದು ಲೋಟ ಕಾಫಿ ಕುಡಿಸಿ, ಚೀಸಿನ ಬನ್ನು ತಿನ್ನಿಸುವಷ್ಟರಲ್ಲಿ ಪೀಪಾಯಿ, ಕೊಳವೆ, ಕೊಪ್ಪರಿಗೆ, ಕೊಪ್ಪರಿಗೆಯೊಳಗೆ ಒಂದು ಮೀನು, ಎಲ್ಲವೂ ಏರು ಹತ್ತಿ ಬಂದು ಮಿಮೋಜಾಳ ಬೆನ್ನು ಸೇರಿದವು. ಇದ್ದಿಲು ನೆನೆದು ಗಂಜಿಯಾಗಿತ್ತು. ಮೇಲೆ ಹಸಿ ಹುಲ್ಲು ತುರುಕಿ ಕಡ್ಡಿ ಗೀರಿದರು. ಹೊಗೆ ಎಂದರೆ ಹೊಗೆ. ಹಾರುತ್ತಿದ್ದ ಹದ್ದೊಂದು ಕೆಮ್ಮುತ್ತಾ ಚರ್ಚಿನ ಶಿಲುಬೆ ಹಿಡಿದು ನಿಂತಿತು.

"ಹತ್ತಿ ಸಾಹೇಬ್ರೆ, ರೈಲಿಗೆ ಹೊತ್ತಾಯ್ತು," ಅಂತ ಲಿಬೋರಿಯೊ ಬಾಗಿಲು ತೆರೆದ. ಯಂತ್ರ ಸತ್ತಿದೆ ಎಂದು ಅವನಿಗೆ ಗೊತ್ತು. ಎದುರಿಗಿರುವುದು ಇಳಿಜಾರು ಎಂದೂ ಗೊತ್ತು. ಬ್ರೇಕಿನಿಂದ ಕಾಲು ತೆಗೆದ.

ಮಿಮೋಜಾ ಹೊರಟಳು. ಸದ್ದಿಲ್ಲದೆ, ನೀರಿನ ಮೇಲಿನ ಎಣ್ಣೆಯ ಹಾಗೆ, ಹೊಗೆಯ ಬಾಲ ಬಿಟ್ಟುಕೊಂಡು ಏರಿನುದ್ದಕ್ಕೂ ಜಾರಿದಳು. ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಬದಿಯಲ್ಲಿ ಊರು ಕೈಮುಗಿದು ನಿಂತಿತ್ತು.

"ಎಂಥ ಯಂತ್ರ!" ಅಂದರು ಸಾಹೇಬರು, ಟೋಪಿ ಎದೆಗೊತ್ತಿಕೊಂಡು. "ರಾಜಧಾನಿಯ ಯಂತ್ರಗಳು ಕಿವಿ ಹರೀತವೆ. ಇದು ಉಸಿರೂ ಬಿಡಲ್ವಲ್ಲಯ್ಯಾ! ಮಾತಾಡ್ಬೇಡ, ಕೇಳೋಣ!"

ನಿಲ್ದಾಣದ ಗೋಡೆಗೆ ಮೂತಿ ಮುಟ್ಟಿಸಿ ಮಿಮೋಜಾ ನಿಂತಳು. ಸಾಹೇಬರು ತಮ್ಮ ಕೈಯಾರೆ ಫಲಕ ಹೊಡೆದರು, ಸಲಾಕೆಯ ಹಿಂಬದಿಯಿಂದ. ಲಿಬೋರಿಯೊನ ಎರಡೂ ಕೆನ್ನೆಗೆ ಮುತ್ತಿಟ್ಟು ರೈಲು ಹತ್ತಿದರು. ರೈಲು ತಿರುವು ದಾಟುವ ತನಕ ಊರು ಕೈಬೀಸಿತು. ಆಮೇಲೆ ಕುಣಿಯಿತು, ಲಿಬೋರಿಯೊನನ್ನು ಎತ್ತಿ ಕುಣಿಸಿತು, ಫಲಕವನ್ನು ಮುಟ್ಟಿ ಮುಟ್ಟಿ ಸವೆಸಿತು.

ಗದ್ದಲವೆಲ್ಲ ಇಳಿದ ಮೇಲೆ ನೋಡಿದರೆ ದೋನಾ ಎಫಿಜೇನಿಯಾ ಕಾರಿನ ಹಿಂದಿನ ಸೀಟಿನಲ್ಲಿ ಕೂತೇ ಇದ್ದಳು, ಏರು ಹತ್ತಿದಾಗಿನಿಂದ ಇಳಿದೇ ಇರಲಿಲ್ಲ. ಬುರುಡೆ ಬಾಟ್ಲಿ ತೊಡೆಯ ಮೇಲೆ. ತಳದಲ್ಲಿ ಇನ್ನೂ ಒಂದಿಷ್ಟು ಕುಲುಕುತ್ತಿತ್ತು.

"ನನ್ನ ಮನೆಗೆ ಬಿಡಿ ಅಳಿಯಂದ್ರೆ," ಅಂದಳು. "ಹತ್ತೋಕೆ ಮೊಣಕಾಲು ಬರಲ್ಲ."

ಲಿಬೋರಿಯೊ ಏರನ್ನು ನೋಡಿದ. ಹೊಗೆಯಾಡುತ್ತಿದ್ದ ಯಂತ್ರವನ್ನು ನೋಡಿದ. ಬಾಟ್ಲಿಯನ್ನು ನೋಡಿದ. "ಅತ್ತೆ, ಒಂದು ಚೂರು ಅದನ್ನ…"

ಅತ್ತೆ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಬಿಗಿ ಮಾಡಿದಳು. ಕಾರಿನ ಸುತ್ತ ನಿಂತಿದ್ದ ಇಡೀ ತಬೊಕಾಲನ್ನು, ಒದ್ದೆ ಪ್ಯಾಂಟಿನ ಕ್ವಿರೀನೊನನ್ನೂ ಪಾದ್ರಿಗಳನ್ನೂ ಸೇರಿಸಿ, ಒಮ್ಮೆ ನಿಧಾನವಾಗಿ ನೋಡಿದಳು.

"ದೇಶ ಕಷ್ಟದಲ್ಲಿದೆ," ಅಂದಳು. "ತಳ್ಳಿ."